ಮನೆಗೆ ದುಡ್ಡಿದೆ, ಓಡಾಟಕ್ಕೆ?

ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರ ಪತ್ರ: 'ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಕ್ಕನಿಗೆ ಮನೆ ಮಂಜೂರಾಗಿದೆ. ಗೋಡೆ ಲಿಂಟಲ್‌ಗೆ (ಬಾಗಿಲು, ಕಿಟಕಿಯ ಮೇಲಿನ ಮಟ್ಟಕ್ಕೆ) ಬಂದು ಎರಡು ತಿಂಗಳಾಯಿತು, ಜಿಪಿಎಸ್ ಮಾಡಲು, ಅಂದರೆ ಜಾಗದ ಗುರುತಿನ ಜೊತೆ ಫೋಟೊ ತೆಗೆಯಲು, ಯಾರೂ ಬಂದಿಲ್ಲ. ಕೇಳಿದರೆ ಪೆಟ್ರೋಲಿಗೆ ಕೊಡಿ ಅಂತಾರೆ. ಮನೆಗೆ ಹಣ ಕೊಡೋದು ಸರ್ಕಾರ. ಪಂಚಾಯ್ತಿಯವರ ಗಂಟೇನು ಹೋಗುತ್ತೆ?'

ಪೆಟ್ರೋಲಿಗೆಂದು ಒಂದು ರೂಪಾಯಿಯನ್ನೂ ಕೊಡಬೇಡಿ. ಅದು ಲಂಚವೇ. ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಆದರೆ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಹೋಗುತ್ತೆ, ಬಹಳವೇ ಹೋಗುತ್ತೆ. ಬಯಲು ಪ್ರದೇಶಗಳಲ್ಲಿ ಒಂದು ಮನೆಗೆ 1.20 ಲಕ್ಷ ಎಂದು 2016ರಲ್ಲಿ ಯೋಜನೆ ಶುರುವಾಯಿತು. ಕೇಂದ್ರದ್ದು 60 ಪಾಲು, ರಾಜ್ಯದ್ದು 40. ಪಂಚಾಯ್ತಿಯ ಪಾಲು ಇದರಲ್ಲಿ ಇಲ್ಲ, ಹಾಗಾಗಿ ಅದಕ್ಕೆ ಖರ್ಚೂ ಇಲ್ಲ ಅನ್ನಿಸುತ್ತದೆ. ಆದರೆ ಯೋಜನೆಯ ಹಣದಲ್ಲಿ ಆಡಳಿತ ವೆಚ್ಚಕ್ಕೆಂದು ಇಟ್ಟಿರುವುದು ಮೊದಲು ಶೇ 4 ಇತ್ತು, ಆಮೇಲೆ ಶೇ 2ಕ್ಕೆ ಇಳಿಯಿತು. 1.20 ಲಕ್ಷಕ್ಕೆ ಅದು 2,400 ರೂಪಾಯಿ. ದೆಹಲಿಯಿಂದ ಹಿಡಿದು ಜಿಲ್ಲೆ, ತಾಲ್ಲೂಕುಗಳವರೆಗಿನ ಕಚೇರಿಗಳೆಲ್ಲ ಇದರಲ್ಲೇ ನಡೆಯಬೇಕು. ನಿಮ್ಮ ಪಂಚಾಯ್ತಿಯ ಬಾಗಿಲಿಗೆ ಎಷ್ಟು ತಲುಪೀತು, ನೀವೇ ಯೋಚಿಸಿ.

ಕೆಲಸವೆಲ್ಲ ನಡೆಯುವುದು ಮಾತ್ರ ಆ ಬಾಗಿಲಲ್ಲೇ. ಗ್ರಾಮಸಭೆ ಕರೆದು ಪಟ್ಟಿ ಓದಬೇಕು, ತಕರಾರು ಕೇಳಬೇಕು. ಜಾಗದ ಖಾತೆ ತೀರಿಹೋದ ಮಾವನ ಹೆಸರಿನಲ್ಲಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಇಂಥ ವ್ಯತ್ಯಾಸಕ್ಕೆ ಕಂತು ನಿಂತುಹೋಗಬಹುದು. ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ಣಗೊಂಡ ಮನೆ, ಹೀಗೆ ಪ್ರತಿ ಹಂತಕ್ಕೂ ಒಬ್ಬರು ಸ್ಥಳಕ್ಕೆ ಹೋಗಿ ಫೋಟೊ ತೆಗೆದು ಅಪ್‌ಲೋಡ್ ಮಾಡಬೇಕು. ಕಂದಾಯ ವಸೂಲಿಗೆ ಹೋಗಬೇಕಾದ ಬಿಲ್ ಕಲೆಕ್ಟರ್ ಆ ದಿನ ನೆಟ್‌ವರ್ಕ್ ಹುಡುಕುತ್ತ ದಿಬ್ಬ ಹತ್ತಿರುತ್ತಾನೆ. ಅವತ್ತು ವಸೂಲಾಗದೆ ಉಳಿದ ಕಂದಾಯವನ್ನು ಯಾರು ಯಾವ ಲೆಕ್ಕಕ್ಕೆ ಹಾಕುತ್ತಾರೆ?

ಆಡಳಿತ ವೆಚ್ಚ ಅಂದಕೂಡಲೇ ದುಂದುಗಾರಿಕೆ ಎಂದುಕೊಳ್ಳುವ ಅಭ್ಯಾಸ ನಮಗೆಲ್ಲ ಇದೆ. ನನಗೂ ಇತ್ತು. ಈಗ ಹಾಗನ್ನಿಸುವುದಿಲ್ಲ. ಈ ಖರ್ಚನ್ನು ಕಾಗದದ ಮೇಲೆ ಕಡಿಮೆ ಮಾಡಬಹುದು, ಊರಿನಲ್ಲಿ ಆಗುವುದಿಲ್ಲ. ಸರ್ಕಾರ ಕೊಡದಿದ್ದುದನ್ನು ಪಂಚಾಯ್ತಿ ತನ್ನ ತೆರಿಗೆಯಲ್ಲಿ ತುಂಬುತ್ತದೆ, ಇಲ್ಲವೇ ನಿಮ್ಮ ಅಕ್ಕನಂಥವರು ಸೂರಿಲ್ಲದ ಗೋಡೆಗಳ ಮುಂದೆ ಕಾಯುತ್ತ ತೆರುತ್ತಾರೆ. ತಪಾಸಣೆ ತೆಳುವಾದಲ್ಲಿ ಮನೆ ಇದ್ದವರಿಗೇ ಇನ್ನೊಂದು ಮನೆ ಸಿಗುವ ಅಪಾಯವೂ ಇದೆ. ಪ್ರತಿ ಮನೆಗೆ ಇಷ್ಟು ಎಂದು ನಿಗದಿ ಮಾಡಿ, ಓಡಾಟದ ಹಣವನ್ನು ನೇರವಾಗಿ ಪಂಚಾಯ್ತಿ ಖಾತೆಗೇ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಪೆಟ್ರೋಲಿನ ನೆಪವೂ ಉಳಿಯುವುದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಅಕ್ಕನ ಕಂತಿನ ಜೊತೆಗೆ ಇದನ್ನೂ ಕೇಳಿ: ವಸತಿ ಯೋಜನೆಗಳ ಆಡಳಿತ ವೆಚ್ಚಕ್ಕೆಂದು ಕಳೆದ ವರ್ಷ ನಮ್ಮ ಪಂಚಾಯ್ತಿಗೆ ಬಂದದ್ದೆಷ್ಟು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ನಮಗೂ ತಿಳಿಸಿ.