ಬೀಗ-ಕೀಲಿ ಚಿತ್ರ ಬಿಡಿ, ಡಿಎನ್‌ಎ ಬಾಗುತ್ತದೆ

ಪ್ರಶ್ನೆ: ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ (ಜೀನ್‌ಗಳನ್ನು ಎಬ್ಬಿಸುವ ಅಥವಾ ಮಲಗಿಸುವ ಪ್ರೊಟೀನ್) ಡಿಎನ್‌ಎಯ ಅಕ್ಷರ ಓದಿ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಮತ್ತೆ ಎಚ್‌ಎಂಜಿಬಿ-1 ಥರದ ನ್ಯೂಕ್ಲಿಯಸ್ ಪ್ರೊಟೀನ್ ಯಾಕೆ ಬೇಕು? ಕೊನೆಗೆ ಅದು ಅಲ್ಲಿ ಉಳಿಯುವುದೂ ಇಲ್ಲವಂತೆ. (ಎಂಎಸ್ಸಿ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಇದೇ ಪ್ರಶ್ನೆ ವರ್ಷವರ್ಷವೂ ಬರುತ್ತದೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಬೀಗಕ್ಕೆ ಕೀಲಿ ಸೇರುವ ಚಿತ್ರ ಬೋರ್ಡ್ ಮೇಲೆ ಬರೆದು ಪಾಠ ಮುಗಿಸುವವರ ಮೇಲೆ ಇದೆ. ಟ್ರಾನ್ಸ್‌ಕ್ರಿಪ್ಶನ್ ಅಂದರೇನು ಅಂತ ಇಲ್ಲಿ ಹೇಳುವುದಿಲ್ಲ, ಅದು ಪಿಯುಸಿ ಪುಸ್ತಕದಲ್ಲೇ ಇದೆ.

ಸಂಪಿಗೆ ಹೂ ಕೀಳುವುದನ್ನು ನೋಡಿದ್ದೀರಿ ಅಲ್ವಾ? ಅಕ್ಕ ಕೊಂಬೆ ಬಗ್ಗಿಸಿ ಕೊಡುತ್ತಾಳೆ. ತಂಗಿಯ ಕೈಗೆ ಕೊಂಬೆ ಸಿಕ್ಕಿದ ಕೂಡಲೇ ಅಕ್ಕ ಬಿಟ್ಟುಬಿಡುತ್ತಾಳೆ. ಹೂವು ಎಲ್ಲಿದೆ ಅಂತ ತಂಗಿಗೆ ಮೊದಲೇ ಗೊತ್ತಿತ್ತು. ಎಟುಕುತ್ತಿರಲಿಲ್ಲ, ಅಷ್ಟೇ. ಇಲ್ಲಿ ಕೊಂಬೆ ಡಿಎನ್‌ಎ, ಅಕ್ಕ ಎಚ್‌ಎಂಜಿಬಿ-1, ತಂಗಿ ಫ್ಯಾಕ್ಟರ್.

ಡಿಎನ್‌ಎ ದಾರದ ಹಾಗೆ ಕಂಡರೂ ಸುಮಾರು 150 ಅಕ್ಷರ-ಜೋಡಿಗಿಂತ ಚಿಕ್ಕ ತುಂಡು ಬಿದಿರು ಕಡ್ಡಿಯ ಹಾಗೆ ಬಿರುಸು. ಹಲವು ಫ್ಯಾಕ್ಟರ್‌ಗಳು ಭದ್ರವಾಗಿ ಕೂರಬೇಕಾದರೆ ಅದು ಬಾಗಬೇಕು. ಬಗ್ಗಿಸುವ ಶ್ರಮವನ್ನೂ ಫ್ಯಾಕ್ಟರೇ ಹೊತ್ತರೆ ಹಿಡಿತ ಸಡಿಲವಾಗುತ್ತದೆ. ಎಚ್‌ಎಂಜಿಬಿ-1 ಡಿಎನ್‌ಎಯ ಕಿರಿದಾದ ಕಾಲುವೆಯಲ್ಲಿ ಕೂತು, ಅಕ್ಷರ-ಜೋಡಿಗಳ ಮೆಟ್ಟಿಲುಗಳ ನಡುವೆ ಬೆಣೆಯ ಹಾಗೆ ಹೊಕ್ಕು ಬಗ್ಗಿಸುತ್ತದೆ. ಅಲ್ಲಿ ಯಾವ ಅಕ್ಷರ ಇದೆ ಅಂತ ನೋಡುವುದಿಲ್ಲ. ಫ್ಯಾಕ್ಟರ್ ಕೂತ ಮೇಲೆ ತಾನು ಜಾರಿಕೊಳ್ಳುತ್ತದೆ. ಜೀವಂತ ಕೋಶದಲ್ಲಿ ಅದು ಒಂದೇ ಕಡೆ ನಿಲ್ಲುವುದು ಕ್ಷಣಮಾತ್ರ. ಜೆಲ್‌ನಲ್ಲಿ (ಕರೆಂಟ್ ಹರಿಸಿ ಪ್ರೊಟೀನ್, ಡಿಎನ್‌ಎ ಬೇರ್ಪಡಿಸಿ ನೋಡುವ ಅಂಟಿನ ಹಾಳೆಯಲ್ಲಿ) ಕಾಣಲಿಲ್ಲ ಅಂತ ಅದು ಕೆಲಸವನ್ನೇ ಮಾಡಿಲ್ಲ ಅಂದುಬಿಡುವುದು ದೊಡ್ಡ ತಪ್ಪು.

1973ರಲ್ಲಿ ಕರುವಿನ ಥೈಮಸ್ ಗ್ರಂಥಿಯಿಂದ ಈ ಪ್ರೊಟೀನ್ ತೆಗೆದಾಗ ಅದರ ಕೆಲಸ ಏನು ಅಂತ ಯಾರಿಗೂ ಗೊತ್ತಿರಲಿಲ್ಲ. ಜೆಲ್‌ನಲ್ಲಿ ಜೋರಾಗಿ ಓಡಿತು ಅಂತ ‘ಹೈ ಮೊಬಿಲಿಟಿ ಗ್ರೂಪ್’, ಅಂದರೆ ಎಚ್‌ಎಂಜಿ, ಅಂತ ಹೆಸರಿಟ್ಟರು. ಆಮೇಲೆ ಪ್ರೊಜೆಸ್ಟರೋನ್ ರಿಸೆಪ್ಟರ್ ದಾರಿ ತೋರಿಸಿತು. ಇಂಥ ರಿಸೆಪ್ಟರ್‌ಗಳು ಹಾರ್ಮೋನ್ ಹಿಡಿದು ಜೀನ್ ಎಬ್ಬಿಸುವ ಫ್ಯಾಕ್ಟರ್‌ಗಳೇ. ಚೆನ್ನಾಗಿ ಶುದ್ಧ ಮಾಡಿದ ರಿಸೆಪ್ಟರ್ ತನ್ನದೇ ಡಿಎನ್‌ಎಯನ್ನು ಸರಿಯಾಗಿ ಹಿಡಿಯುತ್ತಿರಲಿಲ್ಲ. ಎಚ್‌ಎಂಜಿಬಿ-1 ಸೇರಿಸಿದರೆ ಬಿಗಿಯಾಗಿ ಹಿಡಿಯಿತು. 1994ರಲ್ಲಿ ಇದು ಪ್ರಕಟವಾಯಿತು. ಈಸ್ಟ್ರೋಜನ್, ಆಂಡ್ರೋಜನ್ ರಿಸೆಪ್ಟರ್‌ಗಳಿಗೂ ಇದೇ ಸಹಾಯ ಸಿಗುತ್ತದೆ. ಥೈರಾಯ್ಡ್ ಮತ್ತು ವಿಟಮಿನ್ ಡಿ ರಿಸೆಪ್ಟರ್‌ಗಳಿಗೆ ಬೇಕಾಗಿಲ್ಲ. ‘ಎಲ್ಲ ಫ್ಯಾಕ್ಟರ್‌ಗೂ ಬೇಕು’ ಅಂತ ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ.

ಇದೆಲ್ಲ ಬರೀ ಟ್ಯೂಬಿನ ಆಟವಾ ಅನ್ನುವವರಿಗೆ ಇಲಿಮರಿಗಳ ಕಥೆ ಹೇಳುತ್ತೇನೆ. 1999ರಲ್ಲಿ ಇಟಲಿಯ ಮಾರ್ಕೊ ಬಿಯಾಂಕಿ ತಂಡ ಎಚ್‌ಎಂಜಿಬಿ-1ರ ಜೀನ್ ತೆಗೆದ ಇಲಿಗಳನ್ನು ಬೆಳೆಸಿತು. ಮರಿಗಳು ಹುಟ್ಟಿದವು, ಆದರೆ ರಕ್ತದ ಸಕ್ಕರೆ ಕುಸಿದು ಬೇಗನೆ ಸತ್ತವು. ಅವುಗಳ ಕೋಶಗಳು ಮಾತ್ರ ಲ್ಯಾಬಿನ ತಟ್ಟೆಯಲ್ಲಿ ಚೆನ್ನಾಗಿಯೇ ಬೆಳೆಯುತ್ತಿದ್ದವು. ಸಕ್ಕರೆ ಕಾಯುವ ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ಆ ಕೋಶಗಳಲ್ಲಿ ಜೀನ್‌ಗಳನ್ನು ಸರಿಯಾಗಿ ಎಬ್ಬಿಸುತ್ತಿರಲಿಲ್ಲ. ‘ಬರೀ ಸಹಾಯಕ’ ಅನ್ನುವ ಮಾತು ನನಗೆ ಯಾಕೆ ಹಿಡಿಸುವುದಿಲ್ಲ ಅಂತ ಗೊತ್ತಾಯಿತಲ್ಲ?

ಪ್ರಯೋಗ ಮಾಡುವವರಿಗೆ ಒಂದು ಎಚ್ಚರಿಕೆ. ತೆಳು ದ್ರಾವಣದಲ್ಲಿರುವ ಪ್ರೊಟೀನ್ ಟ್ಯೂಬಿನ ಗೋಡೆಗೆ ಅಂಟಿ ಕಳೆದುಹೋಗುತ್ತದೆ. ಆಗ ಯಾವ ಪ್ರೊಟೀನ್ ಸುರಿದರೂ ಹಿಡಿತ ಜಾಸ್ತಿ ಆದಂತೆ ಕಾಣುತ್ತದೆ. ಅಷ್ಟೇ ಪ್ರಮಾಣದ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್, ಒಂದು ಸಾಮಾನ್ಯ ಪ್ರೊಟೀನ್) ಹಾಕಿ ಹೋಲಿಸಿ. ಆ ಕಂಟ್ರೋಲ್ ಇಲ್ಲದ ಜೆಲ್ ತಂದರೆ ನಾನು ಚರ್ಚೆಗೇ ಕೂರುವುದಿಲ್ಲ.

ಪ್ರಶ್ನೆ: ಅತಿಮಧುರದಲ್ಲಿ ಎಚ್‌ಎಂಜಿಬಿ-1ಕ್ಕೆ ಅಂಟುವ ವಸ್ತು ಇದೆಯಂತೆ. ‘ಡಿಎನ್‌ಎ ಚುರುಕು ಮಾಡುತ್ತದೆ’ ಅಂತ ಪುಡಿ ಮಾರುತ್ತಿದ್ದಾರೆ. ದಿನಾ ತಿನ್ನಬಹುದಾ?

ಉತ್ತರ: ಬೇಡ. ಅದರ ಗ್ಲಿಸರೈಜಿನ್ ಈ ಪ್ರೊಟೀನ್‌ಗೆ ಅಂಟುವುದು ನಿಜ. ಅಂಟಿ, ಅದರ ಕೆಲಸವನ್ನು ತಡೆಯುತ್ತದೆ. ತಡೆಯುವುದನ್ನು ಚುರುಕು ಅಂತ ಮಾರುವುದು ಮೋಸ. ಅದೂ ಅಲ್ಲದೆ, ತಿಂದ ಗ್ಲಿಸರೈಜಿನ್‌ನ ಬಹುಪಾಲನ್ನು ಕರುಳಿನ ಬ್ಯಾಕ್ಟೀರಿಯಾ ಒಡೆದುಹಾಕುತ್ತವೆ. ಜಾಸ್ತಿ ದಿನ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ತಗೊಳ್ಳುವವರು, ಬಸುರಿಯರು ಅದರ ಹತ್ತಿರವೂ ಹೋಗಬೇಡಿ. ಕೆಮ್ಮಿಗೆ ಒಂದು ಚೂರು ಬೇರು ಬಾಯಲ್ಲಿಟ್ಟುಕೊಳ್ಳುವುದು ಬೇರೆ ಮಾತು.

ಪ್ರಶ್ನೆ: ರಕ್ತದಲ್ಲಿ ಎಚ್‌ಎಂಜಿಬಿ-1 ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಸುಮ್ನೆ ದುಡ್ಡು ದಂಡ. ಕೋಶದಿಂದ ಹೊರಗೆ ಬಿದ್ದಾಗ ಅದು ಉರಿಯೂತದ ಸಂಕೇತ, ಜೀನ್‌ಗಳ ಬಗ್ಗೆ ಏನೂ ಹೇಳುವುದಿಲ್ಲ.

ಪ್ರಶ್ನೆ: ವಿಶೇಷ ನಾದ ಕೇಳಿದರೆ ಡಿಎನ್‌ಎ ಸರಿಹೋಗುತ್ತದಾ?

ಉತ್ತರ: ಇಲ್ಲ. ಶಿಬಿರಕ್ಕೆ ಹಣ ಕಟ್ಟಿದ್ದರೆ ವಾಪಸ್ ಕೇಳಿ.