ಟಾಲ್‌ಸ್ಟಾಯ್ ಓದಿದ ಮೇಲೆ ಆಫೀಸೇ ಬೇಡ ಅನ್ನಿಸಿದರೆ
ನೀವು ಬಹುಶಃ ಹುದ್ದೆಯೇ ಬದುಕು ಅಂತ ಬಾಳಿ, ಕಾಯಿಲೆ ಬಿದ್ದು ಸಾಯುವ ನ್ಯಾಯಾಧೀಶ ಇವಾನನನ್ನಷ್ಟೇ ನೋಡಿದ್ದೀರಿ, ಅವನ ಆಳು ಗೆರಾಸಿಮ್ ಕಣ್ಣಿಗೆ ಬಿದ್ದಿಲ್ಲ. ನಿಮ್ಮ ಅಪ್ಪ ತೀರಿಕೊಂಡ ತಿಂಗಳಲ್ಲೇ ಟಾಲ್‌ಸ್ಟಾಯ್ ಬರೆದ ‘ಇವಾನ್ ಇಲಿಚ್‌ನ ಸಾವು’ ಓದಿ, ಈಗ ಫೈಲು ಮುಟ್ಟಲೂ ಬೇಸರ ಅಂದಿರಲ್ಲ, ಮೊದಲ ಓದಿನಲ್ಲಿ ನನಗೂ ಹಾಗೇ ಆಗಿತ್ತು.

ಮೊದಲು ಏಳನೇ ಅಧ್ಯಾಯ ಮತ್ತೆ ಓದಿ. ಆಳು ಗೆರಾಸಿಮ್ ಮಾಡುವುದು ಯಾರಿಗೂ ಬೇಡವಾದ ಕೆಲಸ: ರೋಗಿಯ ಹೊಲಸು ಹೊರಹಾಕುವುದು, ನೋವು ತಗ್ಗಲಿ ಅಂತ ಅವನ ಕಾಲುಗಳನ್ನು ಹೆಗಲ ಮೇಲಿಟ್ಟುಕೊಂಡು ಕೂರುವುದು. ಆದರೂ ಸಾವಿನ ಬಗ್ಗೆ ಸುಳ್ಳಾಡದವನು ಅವನೊಬ್ಬನೇ. 1886ರ ಆ ಕಥೆ ಬಯ್ಯುವುದು ಕೆಲಸವನ್ನಲ್ಲ, ಹುದ್ದೆಯ ಮರೆಯಲ್ಲಿ ಅಡಗಿ ಕೂರುವುದನ್ನು ಅಂತ ನನ್ನ ಓದು.

ಆಮೇಲೆ ಜಪಾನಿನ ನಿರ್ದೇಶಕ ಕುರೊಸಾವಾ ಅವರ ‘ಇಕಿರು’ (1952) ಸಿನಿಮಾ ನೋಡಿ. ಹೊಟ್ಟೆ ಕ್ಯಾನ್ಸರ್ ಆದ ಸರ್ಕಾರಿ ನೌಕರ ಕೊನೆಗೆ ಅದೇ ಮೇಜಿಗೆ ಮರಳಿ, ಕೊಚ್ಚೆ ನಿಂತ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕು ಮಾಡಿಸುತ್ತಾನೆ. ಕಾರಂತರ ‘ಅಳಿದ ಮೇಲೆ’ ಕೂಡ ಓದಬೇಕಾದದ್ದೇ, ಆದರೆ ತೀರಿಕೊಂಡವನ ಬದುಕನ್ನು ಹುಡುಕಿಕೊಂಡು ಹೋಗುವ ಕಾದಂಬರಿ ಅದು. ದುಃಖ ಇನ್ನೂ ಹಸಿಯಾಗಿದ್ದರೆ ಸ್ವಲ್ಪ ತಿಂಗಳು ಬಿಟ್ಟು ಕೈಗೆತ್ತಿಕೊಳ್ಳಿ.

ರಾಜೀನಾಮೆ ಸದ್ಯಕ್ಕೆ ಬೇಡ. ನಾಳೆ ನಿಮ್ಮ ಮೇಜಿನ ಮೇಲೆ ಬಹಳ ದಿನದಿಂದ ಬಿದ್ದಿರುವ ಒಂದು ಫೈಲು ಆರಿಸಿ, ಅದಕ್ಕಾಗಿ ಕಾಯುತ್ತಿರುವ ಮನುಷ್ಯ ಯಾರು ಅಂತ ನೋಡಿ, ಅಷ್ಟನ್ನು ಮುಗಿಸಿ.

ಇದು ಪುಸ್ತಕ ತಂದ ಬೇಸರವೋ ಅಪ್ಪನ ಅಗಲಿಕೆಯೋ, ಇಲ್ಲಿ ಕೂತು ಹೇಳಲಾರೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಪುಸ್ತಕ ಮುಚ್ಚಿಟ್ಟು ವೈದ್ಯರನ್ನು ಕಾಣಿ.