ಬಾಕ್ಸರ್ ಪ್ರೊಮೋಟರ್ ಆದ ಮಾತ್ರಕ್ಕೆ...

ಪತ್ರ: ಏಟು ತಿಂದವರೇ ಪ್ರೊಮೋಟರ್ (ಪಂದ್ಯ ಏರ್ಪಡಿಸಿ ದುಡ್ಡು ಹಾಕುವವರು) ಆದರೆ ಬಾಕ್ಸರ್‌ಗಳಿಗೆ ಮೋಸ ಆಗುವುದಿಲ್ಲ ಎಂಬುದಕ್ಕೆ ಆಸ್ಕರ್ ಡೆ ಲಾ ಹೋಯಾ ಸಾಕ್ಷಿಯಲ್ಲವೇ? ನನ್ನ ತಮ್ಮನ ಮಗನಿಗೆ ವೃತ್ತಿಪರ ಬಾಕ್ಸರ್ ಆಗುವ ಆಸೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಸಾಕ್ಷಿ ಹೌದು, ಆದರೆ ನೀವು ಅಂದುಕೊಂಡಿದ್ದಕ್ಕಲ್ಲ.

ರಿಂಗಿನೊಳಗಿನ ಹೋಯಾ ಬಗ್ಗೆ ತಕರಾರಿಲ್ಲ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 60 ಕೆ.ಜಿ. ವಿಭಾಗದ ಚಿನ್ನ, ಆಮೇಲೆ ಆರು ತೂಕ ವಿಭಾಗಗಳಲ್ಲಿ ವಿಶ್ವ ಪಟ್ಟ, 45 ಪಂದ್ಯಗಳಲ್ಲಿ 39 ಗೆಲುವು. ಹುಟ್ಟಾ ಎಡಚರಾದರೂ ನಿಲ್ಲುತ್ತಿದ್ದದ್ದು ಬಲಗೈಯವರಂತೆ, ಎಡಗಾಲು ಮುಂದಿಟ್ಟು. ಹಾಗಾಗಿ ಎದುರಾಳಿಗೆ ಹತ್ತಿರದ ಕೈಯೇ ಅವರ ಬಲವಾದ ಕೈ. ಬೇರೆಯವರು ದೂರ ಅಳೆಯಲು ಚಾಚುವ ಜಾಬ್ ಇವರದಾದರೆ ನೋಯಿಸುತ್ತಿತ್ತು. 2004ರಲ್ಲಿ ಬರ್ನಾರ್ಡ್ ಹಾಪ್‌ಕಿನ್ಸ್ ಒಂಬತ್ತನೇ ಸುತ್ತಿನಲ್ಲಿ ಲಿವರ್‌ಗೆ ಹುಕ್ (ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಏಟು) ಹೊಡೆದು ಮಲಗಿಸಿದರು. ಆ ಏಟಿಗೆ ಪ್ರಜ್ಞೆ ಹೋಗುವುದಿಲ್ಲ. ರೆಫರಿಯ ಎಣಿಕೆ ಕಿವಿಗೆ ಬೀಳುತ್ತಿರುತ್ತದೆ, ಮೈ ಮಾತ್ರ ಏಳುವುದಿಲ್ಲ. ಹೀಗೆ ಸೋಲಿಸಿದವರನ್ನೇ ಹೋಯಾ ತಮ್ಮ ಪ್ರೊಮೋಟರ್ ಕಂಪನಿ ಗೋಲ್ಡನ್ ಬಾಯ್‌ಗೆ ಪಾಲುದಾರರಾಗಿ ಸೇರಿಸಿಕೊಂಡರು. ವ್ಯಾಪಾರದ ಬುದ್ಧಿ ಅಂದರೆ ಅದು.

ಇನ್ನು ದುಡ್ಡಿನ ಮಾತು. 2007ರಲ್ಲಿ ಲಾಸ್ ವೇಗಾಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಜೊತೆಗಿನ ಪಂದ್ಯವನ್ನು ಸುಮಾರು 24 ಲಕ್ಷ ಮನೆಗಳು ತಲಾ 55 ಡಾಲರ್ ತೆತ್ತು ನೋಡಿದವು. ಅಂದರೆ 13 ಕೋಟಿ ಡಾಲರ್ ಆಸುಪಾಸು. ಇಂಥ ಹಣದಲ್ಲಿ ಅರ್ಧದಷ್ಟು ಕೇಬಲ್ ಕಂಪನಿಗಳಿಗೇ ಹೋಗುತ್ತದೆ. ಉಳಿದದ್ದು, ಟಿಕೆಟ್ ಮತ್ತು ಪ್ರಾಯೋಜಕರ ಹಣ ಪ್ರೊಮೋಟರ್ ಕೈಗೆ. ಪ್ರಚಾರ, ಕ್ರೀಡಾಂಗಣ, ಮುಖ್ಯ ಪಂದ್ಯಕ್ಕೆ ಮೊದಲು ಆಡುವವರ ಸಂಭಾವನೆ ಎಲ್ಲ ಅಲ್ಲಿಂದಲೇ. ಗೆದ್ದ ಮೇವೆದರ್‌ಗೆ ಸಿಕ್ಕಿದ್ದು ಸುಮಾರು 2.5 ಕೋಟಿ ಡಾಲರ್, ಸೋತ ಹೋಯಾಗೆ 5.2 ಕೋಟಿ! ಜನರನ್ನು ಸೆಳೆಯುವ ಹೆಸರೂ ಅವರದು, ಕಂಪನಿಯೂ ಅವರದು.

ಆ ಕಂಪನಿ ಹುಟ್ಟಿದ್ದು ಜಗಳದಿಂದ. ತಮ್ಮ ಪ್ರೊಮೋಟರ್ ಬಾಬ್ ಆರಮ್ ವಿರುದ್ಧ ಕೋರ್ಟಿಗೆ ಹೋಗಿ, ಕರಾರಿನಿಂದ ಬಿಡಿಸಿಕೊಂಡು ಹೊರಬಂದವರು ಹೋಯಾ. 2018ರಲ್ಲಿ ಅವರ ಬಾಕ್ಸರ್ ಕನೆಲೊ ಅಲ್ವಾರೆಜ್ ಹೆಸರಲ್ಲಿ ಡಜೋನ್ ಎಂಬ ಪ್ರಸಾರ ಕಂಪನಿಯೊಂದಿಗೆ 11 ಪಂದ್ಯಗಳ, 36.5 ಕೋಟಿ ಡಾಲರ್‌ನ ಒಪ್ಪಂದವಾಯಿತು. ಮೂರು ಪಂದ್ಯ ಮುಗಿಯುವಷ್ಟರಲ್ಲಿ ಕೋವಿಡ್ ಬಂತು. ಎದುರಾಳಿ ಯಾರು, ದುಡ್ಡೆಷ್ಟು ಎಂಬ ಹಗ್ಗಜಗ್ಗಾಟ ಶುರುವಾಯಿತು. 2020ರ ಸೆಪ್ಟೆಂಬರಿನಲ್ಲಿ ಕನೆಲೊ ಹೋಯಾ ಮತ್ತು ಡಜೋನ್ ಇಬ್ಬರ ಮೇಲೂ ದಾವೆ ಹೂಡಿದರು, ನವೆಂಬರಿನಲ್ಲಿ ಬಿಡುಗಡೆ ಪಡೆದರು. ಒಬ್ಬನೇ ತಾರೆಯ ಮೇಲೆ ನಿಂತ ಕಂಪನಿಗೆ ಅದು ದೊಡ್ಡ ಪೆಟ್ಟು. ಹೋಯಾ ಕೆಟ್ಟವರೆಂದು ಹೀಗಾಯಿತು ಎನ್ನಲಾರೆ. ಬಾಕ್ಸರ್‌ಗೆ ಕೊಡುವ ಸಂಭಾವನೆ ಪ್ರೊಮೋಟರ್‌ನ ಲೆಕ್ಕದಲ್ಲಿ ಖರ್ಚು. ಆ ಕುರ್ಚಿಯಲ್ಲಿ ಯಾರೇ ಕೂತರೂ ಖರ್ಚು ಇಳಿಸಲು ನೋಡುತ್ತಾರೆ.

ಅಮೆರಿಕದಲ್ಲಿ 2000ದಿಂದ ಮುಹಮ್ಮದ್ ಅಲಿ ಹೆಸರಿನ ಕಾಯ್ದೆ ಇದೆ: ಪ್ರೊಮೋಟರ್ ಮತ್ತು ಬಾಕ್ಸರ್ ಪರ ಚೌಕಾಸಿ ಮಾಡುವ ಮ್ಯಾನೇಜರ್ ಒಂದೇ ಜೇಬಿನವರಾಗಿರಬಾರದು, ಪಂದ್ಯದಿಂದ ಬಂದ ಹಣ ಮತ್ತು ಕಡಿತಗಳನ್ನು ಬಾಕ್ಸರ್‌ಗೆ ತಿಳಿಸಬೇಕು. ನಿಮ್ಮ ಹುಡುಗ ಎಲ್ಲೇ ಸಹಿ ಹಾಕಲಿ, ಸ್ವಂತ ವಕೀಲರಿಂದ ಓದಿಸಿ. ವರ್ಷಕ್ಕೆ ಕನಿಷ್ಠ ಎಷ್ಟು ಪಂದ್ಯ, ಒಂದಕ್ಕೆ ಕನಿಷ್ಠ ಎಷ್ಟು, ಸೋತರೆ ಅದು ಎಷ್ಟಕ್ಕೆ ಇಳಿಯುತ್ತದೆ? ಮ್ಯಾನೇಜರ್ ಸಂಭಾವನೆಯ ಮೂರನೇ ಒಂದರವರೆಗೂ ಕೇಳಬಹುದು, ತರಬೇತುದಾರರಿಗೆ ಸಾಮಾನ್ಯವಾಗಿ ಹತ್ತನೇ ಒಂದು. ಕೈಗೆ ಬರುವುದು ಅದೆಲ್ಲ ಕಳೆದ ಮೇಲೆ. ಗಾಯದಿಂದ ಕೂತ ತಿಂಗಳುಗಳನ್ನು ಕರಾರಿನ ಕೊನೆಗೆ ಸೇರಿಸುವ ಷರತ್ತು, ಪಟ್ಟ ಗೆದ್ದರೆ ಅವಧಿ ತಾನಾಗಿಯೇ ಬೆಳೆಯುವ ಷರತ್ತು, ಇವೆರಡು ಸಾಮಾನ್ಯವಾಗಿ ಹಿಂದಿನ ಪುಟಗಳಲ್ಲಿರುತ್ತವೆ. ಮೊದಲು ಅವನ್ನೇ ಹುಡುಕಿ.

— ಸಂ.